ಒಬ್ಬರೇ ಇದ್ದರೂ ಒಲೆ ಹಚ್ಚಿ

ಮಕ್ಕಳೇ, ಓದು ಮುಗಿಸಿ ಕೆಲಸ ಹಿಡಿದು ಶಿಕಾರಿಪುರದಲ್ಲೋ ಶಿರಾಳಕೊಪ್ಪದಲ್ಲೋ ಸೊರಬದಲ್ಲೋ ರೂಮು ಮಾಡಿಕೊಂಡು ಇರುವವರಿಗೆ ಈ ನಾಲ್ಕು ಮಾತು. ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಬ್ಯಾಂಕಿನ ಹುಡುಗ, ತಾಲ್ಲೂಕು ಕಚೇರಿಯ ಗುಮಾಸ್ತೆ, ಯಾರಾದರೂ ಸರಿ. ನಿಮ್ಮ ಹಗಲೂಟದ ಬಗ್ಗೆ ನನಗೆ ಚಿಂತೆಯಿಲ್ಲ. ಹೋಟೆಲಿದೆ, ಖಾನಾವಳಿಯಿದೆ, ಜೊತೆಯಲ್ಲಿ ಕೂತು ಉಣ್ಣುವವರಿದ್ದಾರೆ. ಚಿಂತೆಯೆಲ್ಲ ರಾತ್ರಿಯೂಟದ್ದು.

ಮಳೆ ಹಿಡಿದ ಸಂಜೆ ನಮ್ಮ ಕಡೆಯ ಪೇಟೆಗಳು ಬೇಗ ಬಾಗಿಲು ಹಾಕಿಕೊಳ್ಳುತ್ತವೆ. ಛತ್ರಿ ಹಿಡಿದು ಹೊರಟರೂ ಸಿಗುವುದು ತಳ್ಳುಗಾಡಿಯ ಗೋಬಿ ಮಂಚೂರಿ, ಇಲ್ಲದಿದ್ದರೆ ಬೇಕರಿಯ ಪಫ್ಸು. ಅದೂ ಬೇಡವೆನಿಸಿದವರು ಬಿಸ್ಕತ್ತು, ಬ್ರೆಡ್ಡು, ನೂಡಲ್ಸು ತಿಂದು ಮಲಗುತ್ತಾರೆ. ಕೇಳಿದರೆ, 'ಒಬ್ಬರಿಗಾಗಿ ಯಾರು ಒಲೆ ಹಚ್ಚುತ್ತಾರೆ ದೊಡ್ಡಮ್ಮ' ಅನ್ನುತ್ತೀರಿ. ನಾನು ಹೇಳುವುದು ಅದನ್ನೇ: ಒಬ್ಬರಿದ್ದರೂ ಹಚ್ಚಿ. ಒಲೆ ಒಂದೇ ಸಾಕು, ಬಾಣಲೆ ಒಂದೇ ಸಾಕು, ಮುಕ್ಕಾಲು ಗಂಟೆ ಸಾಕು. ಕೈಮಾ ಮತ್ತು ಎಲೆಕೋಸು ಹಾಕಿ ಮಾಡುವ ಒಂದು ಪಲ್ಯವನ್ನು ಇವತ್ತು ಹೇಳಿಕೊಡುತ್ತೇನೆ. ಮಸಾಲೆ ಅರೆಯುವ ಕೆಲಸ ಇದರಲ್ಲಿಲ್ಲ. ಕುಕ್ಕರ್ ಬೇಡ, ಮಿಕ್ಸಿ ಬೇಡ. ತೊಳೆಯುವ ಪಾತ್ರೆಯೂ ಒಂದೇ.

ಮಾಂಸವನ್ನೂ ಕೋಸನ್ನೂ ಕೂಡಿಸಿ ಬೇಯಿಸುವುದು ಜಗತ್ತಿನ ಬಹಳ ಕಡೆ ಉಂಟು. ಪೋಲೆಂಡಿನವರು, ತುರ್ಕಿಯವರು ಕೋಸಿನ ದೊಡ್ಡ ಎಲೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಒಳಗೆ ಕೈಮಾ ಮತ್ತು ಅಕ್ಕಿ ತುಂಬಿ ಸುರುಳಿ ಸುತ್ತಿ ಬೇಯಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಕೆಸುವಿನೆಲೆಗೆ ಹಿಟ್ಟು ಬಳಿದು ಸುತ್ತಿ ಪತ್ರೊಡೆ ಮಾಡುವಷ್ಟೇ ತಾಳ್ಮೆ ಬೇಡುವ ಕೆಲಸ ಅದು. ದುಡಿದು ದಣಿದು ಬಂದವರು ಸುರುಳಿಯ ಗೊಡವೆ ಬಿಟ್ಟು, ಎಲೆಯನ್ನು ಹೆಚ್ಚಿ ಎಲ್ಲವನ್ನೂ ಒಂದೇ ಬಾಣಲೆಗೆ ಹಾಕತೊಡಗಿದರು. ಅಮೆರಿಕದಲ್ಲಿ ಇದು ವಾರದ ದಿನಗಳ ಸಾಮಾನ್ಯ ರಾತ್ರಿಯೂಟ. ನಮ್ಮಲ್ಲೂ ಮುಸ್ಲಿಮರ ಮನೆಗಳಲ್ಲಿ ಕೈಮಾಕ್ಕೆ ಮೆಂತ್ಯ ಸೊಪ್ಪು, ಆಲೂಗಡ್ಡೆ, ಬಟಾಣಿ ಸೇರಿಸುವ ರೂಢಿ ಹಳೆಯದು. ಸ್ವಲ್ಪ ಮಾಂಸ, ಅದರ ಎರಡು ಪಾಲು ತರಕಾರಿ. ದುಡ್ಡೂ ಉಳಿಯುತ್ತದೆ, ಹೊಟ್ಟೆಗೂ ಹಗುರ.

ಅಮೆರಿಕದವರು ಇದಕ್ಕೆ ದನದ ಮಾಂಸ ಹಾಕುತ್ತಾರೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ 2021ರಿಂದ ಜಾರಿಯಲ್ಲಿದೆ. ಹಸು, ಎತ್ತು, ಕರುವನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರೆ ಅವಕಾಶ. ಹಾಗಾಗಿ ನಾನು ಹೇಳುವುದು ಕುರಿಯ ಕೈಮಾದ ಅಡುಗೆ. ಕೋಳಿಯದ್ದೂ ಆಗುತ್ತದೆ, ಇನ್ನೂ ಬೇಗ ಆಗುತ್ತದೆ. ಮಾಂಸ ತಿನ್ನದವರಿಗೂ ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಅಡುಗೆಗೆ ಮುಂಚೆ ಇನ್ನೊಂದು ಮಾತು. ರೂಮು ಹಿಡಿಯುವಾಗಲೇ ಮನೆಯವರನ್ನು ಕೇಳಿಕೊಳ್ಳಿ, ಮಾಂಸ ಬೇಯಿಸಬಹುದೇ ಎಂದು. ಶಿಕಾರಿಪುರದಲ್ಲಿ ಮಾಂಸ ತಿನ್ನದ ಲಿಂಗಾಯತರ ಮನೆಗಳು ಬಹಳ. ಸೊರಬದಲ್ಲಿ ದೀವರ ಮನೆ ಸಿಕ್ಕರೆ ಮೀನೂ ಕೋಳಿಯೂ ಅವರ ಒಲೆಯ ಮೇಲೇ ಇರುತ್ತವೆ. ಒಪ್ಪದವರ ಮನೆಯಲ್ಲಿ ಕದ್ದು ಬೇಯಿಸಬೇಡಿ. ಕೈಮಾ ಹುರಿಯುವ ವಾಸನೆ ವಠಾರದ ಕೊನೆಯ ಮನೆಗೂ ಮುಟ್ಟುತ್ತದೆ, ಆಮೇಲೆ ಮುಖ ಕೊಟ್ಟು ಮಾತಾಡುವುದು ಕಷ್ಟ. ಒಪ್ಪಿದವರ ಮನೆಯಲ್ಲೂ ವಾರ ನೋಡಿಕೊಂಡರೆ ಒಳ್ಳೆಯದು. ಶಿಕಾರಿಪುರ ಹುಚ್ಚರಾಯಸ್ವಾಮಿಯ ಊರು. ಹುಚ್ಚರಾಯಸ್ವಾಮಿ ಅಂದರೆ ಆಂಜನೇಯ, ಶನಿವಾರ ಅವನ ವಾರ. ಅವತ್ತು ಮಾಂಸ ಮುಟ್ಟದ ಮನೆಗಳು ಇಲ್ಲಿ ಎಷ್ಟೋ ಇವೆ. ಸೋಮವಾರವೂ ಹಾಗೆಯೇ, ಶ್ರಾವಣ ಬಂದರೆ ತಿಂಗಳಿಡೀ ಬಿಡುವವರಿದ್ದಾರೆ. ನೆರೆಯವರ ಮನಸ್ಸು ನೋಯದ ಹಾಗೆ ಬದುಕುವುದನ್ನೂ ರೂಮಿನ ಬಾಡಿಗೆಯ ಜೊತೆಗೇ ಕಲಿಯಬೇಕು.

ಈಗ ಪೇಟೆಗೆ ಹೋಗೋಣ. ಇಬ್ಬರು ಉಣ್ಣುವಷ್ಟಕ್ಕೆ ಕಾಲು ಕಿಲೊ ಕೈಮಾ, ಅರ್ಧ ಕಿಲೊ ಕೋಸು. ಒಬ್ಬರೇ ಆದರೆ ಅರ್ಧರ್ಧ ಮಾಡಿಕೊಳ್ಳಿ. ಮಟನ್ ಅಂಗಡಿಯಲ್ಲಿ ಮೊದಲೇ ಕೊಚ್ಚಿ ತಟ್ಟೆಯಲ್ಲಿ ಇಟ್ಟ ಕೈಮಾವನ್ನು ತರಬೇಡಿ. ತುಂಡು ಮಾಂಸ ಕೆಡುವುದಕ್ಕಿಂತ ಕೊಚ್ಚಿದ ಮಾಂಸ ಬೇಗ ಕೆಡುತ್ತದೆ. ಕಾರಣ ಇಷ್ಟೇ: ತುಂಡಿನ ಹೊರಮೈಯಲ್ಲಿ ಮಾತ್ರ ಇದ್ದ ಕ್ರಿಮಿಗಳು ಕೊಚ್ಚಿದಾಗ ಒಳಗೆಲ್ಲ ಹರಡುತ್ತವೆ, ಗಾಳಿ ತಾಗುವ ಮೈಯೂ ಹೆಚ್ಚುತ್ತದೆ. ತೊಡೆಯ ಮಾಂಸ ತೋರಿಸಿ, ಅಲ್ಪಸ್ವಲ್ಪ ಕೊಬ್ಬು ಇರಲಿ ಎಂದು ಹೇಳಿ, ನಿಮ್ಮ ಕಣ್ಣೆದುರೇ ಕೊಚ್ಚಿಸಿ. ಕೊಬ್ಬೇ ಇಲ್ಲದ ಕೈಮಾ ಬಾಣಲೆಯಲ್ಲಿ ಮರಳು ಮರಳಾಗುತ್ತದೆ. ತೊಳೆಯುವುದಿದ್ದರೆ ತುಂಡು ಇರುವಾಗಲೇ ತೊಳೆದು ನೀರು ಸೋರಿಸಿ ಕೊಚ್ಚಲು ಹೇಳಿ. ಕೊಚ್ಚಿದ ಮೇಲೆ ತೊಳೆದರೆ ರುಚಿಯೂ ಹೋಗುತ್ತದೆ, ನೀರೂ ಹಿಡಿದುಕೊಳ್ಳುತ್ತದೆ. ಆ ನೀರೇ ಆಮೇಲೆ ಇಡೀ ಅಡುಗೆಯನ್ನು ಕೆಡಿಸುವುದು. ತಂದ ದಿನವೇ ಮಾಡಿ. ಫ್ರಿಜ್ಜಿದೆ ಎಂದು ನಂಬಬೇಡಿ. ಗಾಳಿಮಳೆಯ ದಿನ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳುವಂತಿಲ್ಲ.

ಕೋಳಿ ಅಂಗಡಿಯಲ್ಲಿ ಕೈಮಾ ಮಾಡಿಕೊಡದಿದ್ದರೆ ಮೂಳೆ ತೆಗೆದ ಮಾಂಸ ತಂದು ಮನೆಯಲ್ಲೇ ಚಾಕುವಿನಿಂದ ಸಣ್ಣಗೆ ಕೊಚ್ಚಿಕೊಳ್ಳಿ. ಯಂತ್ರದ್ದಕ್ಕಿಂತ ಅದೇ ಬಾಯಿಗೆ ಹಿತ.

ಕೋಸು ನಮ್ಮ ಹಿತ್ತಲಿನ ಹಳೆಯ ತರಕಾರಿಯಲ್ಲ. ಯುರೋಪಿನವರ ಜೊತೆ ಈ ದೇಶಕ್ಕೆ ಬಂದದ್ದು. ಇವತ್ತಿಗೂ ತಿಥಿ ಅಡುಗೆಗೆ ಅದನ್ನು ಸೇರಿಸದ ಮನೆಗಳಿವೆ. ಆದರೆ ರೂಮಿನಲ್ಲಿರುವವರಿಗೆ ಇದರಷ್ಟು ಅನುಕೂಲದ ತರಕಾರಿ ಇನ್ನೊಂದಿಲ್ಲ. ಸೊಪ್ಪು ಮರುದಿನಕ್ಕೆ ಬಾಡುತ್ತದೆ, ಬದನೆ ಮುದುಡುತ್ತದೆ. ಗಟ್ಟಿ ಕೋಸು ತಣ್ಣನೆಯ ಮೂಲೆಯಲ್ಲಿ ವಾರವಿದ್ದರೂ ಹಾಗೆಯೇ ಇರುತ್ತದೆ. ಕೈಯಲ್ಲಿ ಹಿಡಿದರೆ ಭಾರ ಅನಿಸುವಂಥದ್ದನ್ನು ಆರಿಸಿ. ಹಗುರವಾಗಿ ಪೊಳ್ಳಾಗಿದ್ದರೆ ಬೇಡ. ಕೋಸಿಗೆ ಔಷಧಿ ಹೊಡೆಯುವುದು ಜಾಸ್ತಿ, ಆದ್ದರಿಂದ ಹೊರಗಿನ ಎರಡು ಮೂರು ಎಲೆ ತೆಗೆದು ಎಸೆಯಿರಿ, ಬೇಸರಪಡಬೇಡಿ. ಎಲೆಯ ಮಡಿಕೆಯೊಳಗೆ ಸಣ್ಣ ಹಸಿರು ಹುಳು ಕೂತಿರುತ್ತದೆ. ನಾಲ್ಕು ಹೋಳು ಮಾಡಿ ಉಪ್ಪುನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ, ಆಮೇಲೆ ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಿರಿ. ತೊಳೆದ ಮೇಲೆ ಬಟ್ಟೆಯ ಮೇಲೆ ಹರವಿ ನೀರು ಆರಲು ಬಿಡಿ. ಬರೀ ಕೋಸಿನ ಪಲ್ಯಕ್ಕೆ ಹೆಚ್ಚುವ ಹಾಗೆ ಎಳೆ ಎಳೆಯಾಗಿ ಹೆಚ್ಚಬೇಡಿ, ಬೆರಳಗಲದ ಪಟ್ಟಿಗಳಿರಲಿ. ಎಳೆ ಮಾಡಿದರೆ ಕೈಮಾದ ಜೊತೆ ಸೇರಿ ಮುದ್ದೆಯಾಗುತ್ತದೆ.

ಮಣೆ ಮತ್ತು ಚಾಕು ಒಂದೊಂದೇ ಇರುವುದು ಸಹಜ. ಮೊದಲು ಕೋಸು, ಈರುಳ್ಳಿ ಹೆಚ್ಚಿ ಮುಗಿಸಿ, ಮಾಂಸವನ್ನು ಕೊನೆಗೆ ಮುಟ್ಟಿ. ಆಮೇಲೆ ಸೋಪು ಹಾಕಿ ಕೈಯನ್ನೂ ಮಣೆಯನ್ನೂ ತೊಳೆಯಿರಿ.

ಬಾಣಲೆಯ ವಿಷಯ. ಸಂತೆಯಲ್ಲಿ ಸಿಗುವ ಕಬ್ಬಿಣದ ಬಾಣಲೆಯೇ ಇದಕ್ಕೆ ಸರಿ. ದಪ್ಪ ತಳದ್ದು, ಅಗಲ ಬಾಯಿಯದ್ದು. ತೆಳು ಅಲ್ಯೂಮಿನಿಯಂ ಬೋಗುಣಿಯಲ್ಲಿ ಕೈಮಾ ಹಿಡಿದು ಕರಕಲಾಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಸ್ವಲ್ಪ ಕಬ್ಬಿಣಾಂಶ ಅಡುಗೆಗೂ ಇಳಿಯುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ನೆನಪಿಡಿ. ಹೊಸ ಬಾಣಲೆಯನ್ನು ತೊಳೆದು, ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಆರಿಸಿ; ಹೀಗೆ ಎರಡು ಮೂರು ಸಲ ಮಾಡಿದರೆ ಅಂಟುವುದು ಕಡಿಮೆಯಾಗುತ್ತದೆ. ಅಡುಗೆ ಆದ ಮೇಲೆ ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ತೆಗೆದು ಬೇರೆ ಪಾತ್ರೆಗೆ ಹಾಕಿ, ಬಾಣಲೆ ತೊಳೆದು ಒರೆಸಿಡಿ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಬರುತ್ತದೆ.

ಇನ್ನು ಒಲೆ ಹಚ್ಚಿ. ಇಲ್ಲಿಂದ ಮುಂದೆ ನಿಧಾನವಾಗಿ ಓದಿ, ಅಡುಗೆಯ ಗುಟ್ಟೆಲ್ಲ ಇಲ್ಲೇ ಇದೆ.

ಬಾಣಲೆ ಚೆನ್ನಾಗಿ ಕಾಯಲಿ. ಒಂದು ಹನಿ ನೀರು ಚಿಮುಕಿಸಿದರೆ ಕೂಡಲೇ ಆರಿಹೋಗುವಷ್ಟು. ಎರಡು ಚಮಚ ಎಣ್ಣೆ ಹಾಕಿ, ಕೈಮಾವನ್ನು ತಳದ ಮೇಲೆ ತೆಳ್ಳಗೆ ಹರಡಿ ಸೌಟನ್ನು ಕೆಳಗಿಡಿ. ಮೂರು ನಾಲ್ಕು ನಿಮಿಷ ಕೆದಕಬೇಡಿ. ಹೊಸಬರು ಇಲ್ಲೇ ಎಡವುತ್ತಾರೆ. ಹಾಕಿದ ಕೂಡಲೇ ಗೊಟಾಯಿಸಲು ಶುರುಮಾಡುತ್ತಾರೆ. ಆಗ ಕೈಮಾ ನೀರು ಬಿಟ್ಟುಕೊಂಡು ಆ ನೀರಲ್ಲೇ ಬೆಂದು ಬೂದಿ ಬಣ್ಣಕ್ಕೆ ತಿರುಗುತ್ತದೆ, ಹಸಿ ವಾಸನೆ ಹೋಗುವುದಿಲ್ಲ. ನೀರು ಇರುವವರೆಗೆ ಬಾಣಲೆಯ ಶಾಖ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕೆಂಪಗೆ ಹುರಿದು ಆ ಘಮ ಬರಬೇಕಾದರೆ ಅದರ ಮೈ 140 ಡಿಗ್ರಿಯ ಹತ್ತಿರ ಕಾಯಬೇಕು. ಅಂದರೆ ಮೊದಲು ನೀರು ಹೋಗಬೇಕು. ಬೆಂಕಿ ಜೋರಾಗಿರಲಿ. ಮೊದಲು ಕೊತಕೊತ ಅನ್ನುವ ಸದ್ದು ಬರುತ್ತದೆ, ಅದು ನೀರಿನ ಸದ್ದು. ಸ್ವಲ್ಪ ಹೊತ್ತಿಗೆ ಅದು ಚರಚರ ಅನ್ನುವುದಕ್ಕೆ ತಿರುಗುತ್ತದೆ, ಅದು ಎಣ್ಣೆಯ ಸದ್ದು. ಆ ಬದಲಾವಣೆಗೆ ಕಿವಿ ಕೊಡಿ. ಗಡಿಯಾರ ನೋಡುವುದಕ್ಕಿಂತ ಅದನ್ನು ಕೇಳುವುದು ಹೆಚ್ಚು ನಂಬಬಹುದಾದ ಕೆಲಸ. ತಳಭಾಗ ಕಂದು ಬಣ್ಣಕ್ಕೆ ಬಂದಾಗ ಮಗುಚಿ ಹಾಕಿ, ಗಂಟುಗಳನ್ನು ಸೌಟಿನಿಂದ ಒಡೆಯಿರಿ, ಇನ್ನೆರಡು ನಿಮಿಷ ಬಿಡಿ.

ಈಗ ಕೈಮಾವನ್ನು ಒಂದು ಬದಿಗೆ ಸರಿಸಿ, ಖಾಲಿಯಾದ ಜಾಗಕ್ಕೆ ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ಎಂಟು ಹತ್ತು ಎಸಳು ಬೆಳ್ಳುಳ್ಳಿ, ಹೆಬ್ಬೆರಳುದ್ದದ ಶುಂಠಿ ಹಾಕಿ. ಸೊರಬದಲ್ಲಿದ್ದು ಪೊಟ್ಟಣದ ಶುಂಠಿ ಪೇಸ್ಟು ತರಬೇಡಿ. ಗದ್ದೆಯಲ್ಲೇ ಶುಂಠಿ ಬೆಳೆಯುವ ತಾಲ್ಲೂಕಿದು, ಹಸಿಯದ್ದು ಕೈಗೆಟುಕುವಲ್ಲೇ ಇದೆ. ಈರುಳ್ಳಿ ಮೆತ್ತಗಾದ ಮೇಲೆ ಎರಡನ್ನೂ ಬೆರೆಸಿ, ಕಾಲು ಚಮಚ ಅರಿಶಿನ, ಎರಡು ಚಮಚ ಧನಿಯಾ ಪುಡಿ, ಒಂದು ಚಮಚ ಮೆಣಸಿನಪುಡಿ, ಅರ್ಧ ಚಮಚ ಕುಟ್ಟಿದ ಕಾಳುಮೆಣಸು ಹಾಕಿ. ಮೆಣಸಿನಪುಡಿ ಬ್ಯಾಡಗಿಯದ್ದಾಗಿರಲಿ. ನಮ್ಮ ಶಿಕಾರಿಪುರದ ಗಡಿ ದಾಟಿದರೆ ಹಾವೇರಿ ಜಿಲ್ಲೆ, ಬ್ಯಾಡಗಿ ಆ ಜಿಲ್ಲೆಯ ಊರು. ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ಹೆಚ್ಚು, ಖಾರ ಕಡಿಮೆ. ಖಾರದ ಕೆಲಸವನ್ನು ಅಡಿಕೆ ಮರಕ್ಕೆ ಹಬ್ಬಿದ ನಮ್ಮ ಕಾಳುಮೆಣಸು ಮಾಡುತ್ತದೆ. ಚಕ್ಕೆ ಲವಂಗ ಒಂದೊಂದು ಚೂರು ಹಾಕಬಹುದು, ಅದಕ್ಕಿಂತ ಜಾಸ್ತಿ ಬೇಡ. ಪೇಟೆಯ ಗರಂ ಮಸಾಲೆ ಸುರಿದರೆ ಕೋಸಿನ ಸಿಹಿ ಗೊತ್ತೇ ಆಗುವುದಿಲ್ಲ.

ಕುರಿಯ ಕೈಮಾ ಮೆತ್ತಗಾಗಲು ಇನ್ನಷ್ಟು ಹೊತ್ತು ಬೇಕು. ಅರ್ಧ ಲೋಟ ಬಿಸಿನೀರು, ಬೇಕಾದ ಉಪ್ಪಿನಲ್ಲಿ ಅರ್ಧ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬೇಯಲಿ. ಈ ಅಡುಗೆಗೆ ನೀರು ಹಾಕುವುದು ಇದೊಂದೇ ಸಲ. ಕೋಳಿಯಾದರೆ ಇದೂ ಬೇಡ, ಏಳೆಂಟು ನಿಮಿಷ ಹುರಿದರೆ ಬೆಂದಿರುತ್ತದೆ. ಕೊಚ್ಚಿದ ಮಾಂಸ ಯಾವುದೇ ಆಗಲಿ ಅರೆಬೆಂದದ್ದನ್ನು ತಿನ್ನಬೇಡಿ. ಕುರಿಯದ್ದು ಒಳಗೆ 71 ಡಿಗ್ರಿ, ಕೋಳಿಯದ್ದು 74 ಡಿಗ್ರಿ ಮುಟ್ಟಬೇಕು ಎಂಬುದು ಲೆಕ್ಕ. ಮಾಪಕ ಇಲ್ಲದ ನಮಗೆ, ಎಲ್ಲೂ ಗುಲಾಬಿ ಬಣ್ಣ ಉಳಿಯದೆ ಹಬೆಯಾಡುತ್ತಿರಬೇಕು.

ಮುಚ್ಚಳ ತೆಗೆದು, ಉಳಿದ ನೀರು ಪೂರ್ತಿ ಆರುವವರೆಗೆ ಉರಿ ಹೆಚ್ಚಿಸಿ. ಆಮೇಲೆ ಕೋಸು. ಬಾಣಲೆ ತುಂಬಿ ತುಳುಕುವಷ್ಟು ಕಾಣುತ್ತದೆ, ಹೆದರಬೇಡಿ. ಐದು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉಳಿದ ಉಪ್ಪು ಹಾಕಿ ಬೆರೆಸಿ ಮುಚ್ಚಿ, ಮೂರು ನಿಮಿಷ. ನೀರು ಹಾಕಬೇಡಿ. ಕೋಸಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇದೆ, ಉಪ್ಪು ತಾಗಿದ ಕೂಡಲೇ ಬಿಡುತ್ತದೆ, ಅದು ಬೇಯಲು ಅದರದೇ ನೀರು ಸಾಕು. ಮೂರು ನಿಮಿಷಕ್ಕೆ ಮುಚ್ಚಳ ತೆಗೆದು, ಉರಿ ಜೋರು ಮಾಡಿ, ಮಗುಚುತ್ತಾ ಇನ್ನು ಮೂರು ನಾಲ್ಕು ನಿಮಿಷ. ಎಲೆಯ ಅಂಚು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿ, ದಂಟಿನ ಭಾಗ ಇನ್ನೂ ಹಲ್ಲಿಗೆ ಕುರುಕುರು ಅನ್ನುವಾಗ ಇಳಿಸಿಬಿಡಿ. ಕೋಸು ನಾರುತ್ತದೆ ಎಂದು ಮೂಗು ಮುರಿಯುವವರು ಬಹಳ ಮಂದಿ. ಅದರಲ್ಲಿರುವ ಗಂಧಕದ ಅಂಶ ಹೆಚ್ಚು ಹೊತ್ತು ಬೇಯಿಸಿದಷ್ಟೂ ಒಡೆದು ಆ ವಾಸನೆ ಬಿಡುತ್ತದೆ. ಹಾಸ್ಟೆಲಿನಲ್ಲಿ ಗಂಟೆಗಟ್ಟಲೆ ಬೆಂದ ಕೋಸನ್ನು ಉಂಡು ಅದನ್ನು ದ್ವೇಷಿಸಿದವರು ಈ ಏಳು ನಿಮಿಷದ ಕೋಸನ್ನು ಒಮ್ಮೆ ತಿಂದು ನೋಡಬೇಕು. ಅದೇ ತರಕಾರಿ ಎಂದು ನಂಬುವುದು ಕಷ್ಟವಾಗುತ್ತದೆ.

ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಒಲೆಯ ಮೇಲಿರುವಾಗ ಹುಳಿ ಹಾಕಿದರೆ ಕಬ್ಬಿಣದ ಬಾಣಲೆಯ ರುಚಿ ಪಲ್ಯಕ್ಕೆ ಹತ್ತುತ್ತದೆ. ಕೊತ್ತಂಬರಿ ಸೊಪ್ಪು ಇದ್ದರೆ ಮೇಲೆ ಹಾಕಿ. ಒಂದು ಹಿಡಿ ತೆಂಗಿನ ತುರಿ ಹಾಕುವುದು ನಮ್ಮ ಕಡೆಯ ಅಭ್ಯಾಸ, ನನಗೂ ಅದೇ ಇಷ್ಟ.

ಇದಕ್ಕೆ ಏನು ಜೊತೆ? ಸೊರಬದ ಕಡೆಯವರಾದರೆ ಅಕ್ಕಿರೊಟ್ಟಿ, ಹಾವೇರಿ ಕಡೆಯ ಹಿರೇಕೆರೂರಿನ ಗಾಳಿ ತಾಗಿದವರಾದರೆ ಜೋಳದ ರೊಟ್ಟಿ. ರೊಟ್ಟಿ ತಟ್ಟಲು ಬಾರದಿದ್ದರೆ ಖಾನಾವಳಿಯಿಂದ ಎರಡು ತನ್ನಿ, ಅದರಲ್ಲಿ ತಪ್ಪೇನಿಲ್ಲ. ಅನ್ನ ಉಳಿದಿದ್ದರೆ ಅದೇ ಬಾಣಲೆಗೆ ಹಾಕಿ ಎರಡು ನಿಮಿಷ ಬಿಸಿ ಮಾಡಿ ಕಲಸಿ. ಆದರೆ ಬೆಳಗ್ಗೆಯಿಂದ ಹೊರಗೇ ಇದ್ದ ಅನ್ನ ಬೇಡ. ಅದರಲ್ಲಿ ಬೆಳೆಯುವ ಒಂದು ಬಗೆಯ ಕ್ರಿಮಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪಲ್ಯ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು. ಫ್ರಿಜ್ಜಿಲ್ಲದವರು ಉಳಿಯುವಷ್ಟು ಮಾಡಲೇಬೇಡಿ.

ಇದು ಬರೀ ನಾಲಿಗೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕದಂತೆ ದೊಡ್ಡವರಿಗೆ ದೇಹದ ತೂಕದ ಕಿಲೊ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೊ ತೂಗುವವರಿಗೆ ಸುಮಾರು 50 ಗ್ರಾಂ. ಕಾಲು ಕಿಲೊ ಕೈಮಾವನ್ನು ಇಬ್ಬರು ಹಂಚಿಕೊಂಡರೆ ಅದರ ಅರ್ಧದ ಹತ್ತಿರ ಒಂದೇ ಹೊತ್ತಿಗೆ ಸಿಗುತ್ತದೆ, ಜೊತೆಗೆ ಕಾಲು ಕಿಲೊ ತರಕಾರಿ ಹೊಟ್ಟೆ ಸೇರುತ್ತದೆ. ಬಿಸ್ಕತ್ತಿನಿಂದ ಇದು ಆಗುವುದಿಲ್ಲ. ರೂಮಿನಲ್ಲಿದ್ದು ಎರಡು ವರ್ಷಕ್ಕೇ ಹೊಟ್ಟೆ ಉರಿ, ಗ್ಯಾಸು ಎಂದು ಮಾತ್ರೆ ನುಂಗುವ ಹುಡುಗರನ್ನು ನೋಡುತ್ತಲೇ ಇದ್ದೇನೆ. ಆ ವಯಸ್ಸಿಗೆ ಬರಬೇಕಾದ ಕಾಯಿಲೆ ಅಲ್ಲ ಅದು. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಥೈರಾಯ್ಡ್ ತೊಂದರೆ ಇರುವವರು ಕೋಸನ್ನು ಹಸಿಯಾಗಿ ತಿನ್ನಬೇಡಿ. ಹೀಗೆ ಬೇಯಿಸಿದ್ದನ್ನು ಆಗೀಗ ತಿನ್ನಲು ಅಡ್ಡಿಯಿಲ್ಲ. ಅನುಮಾನವಿದ್ದರೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಮಾಂಸ ತಿನ್ನದವರು ಕೈಮಾದ ಜಾಗದಲ್ಲಿ ಸೋಯಾ ಚೂರು ಹಾಕಿ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ತೆಗೆದು, ಅದನ್ನೂ ಕೆಂಪಗಾಗುವವರೆಗೆ ಹುರಿಯಿರಿ. ಉಳಿದದ್ದೆಲ್ಲ ಹಾಗೆಯೇ.

ಹುಡುಗರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕಾಯಬೇಡಿ. ಬರುವ ಹುಡುಗಿಯೂ ನಿಮ್ಮ ಹಾಗೆಯೇ ದುಡಿದು ದಣಿದು ಬರುವವಳೇ ಆಗಿರಬಹುದು. ಈಗಲೇ ಕೈ ಪಳಗಿಸಿಕೊಳ್ಳಿ. ಮೊದಲ ಸಲ ಕೋಸು ಸ್ವಲ್ಪ ಮೆತ್ತಗಾದೀತು, ಉಪ್ಪು ಹೆಚ್ಚು ಕಡಿಮೆಯಾದೀತು. ಮೂರನೆಯ ಸಲಕ್ಕೆ ಅಳತೆ ನೋಡದೆ ಮಾಡುತ್ತೀರಿ.

ಬರುವ ಭಾನುವಾರ ಕಾಲು ಕಿಲೊ ಕೈಮಾ, ಗಟ್ಟಿಯಾದ ಒಂದು ಸಣ್ಣ ಕೋಸು ತನ್ನಿ. ಪಕ್ಕದ ರೂಮಿನಲ್ಲಿ ನಿಮ್ಮ ಹಾಗೆಯೇ ಒಬ್ಬರಿರುತ್ತಾರೆ, ಅವರನ್ನೂ ಊಟಕ್ಕೆ ಕರೆಯಿರಿ. ಈರುಳ್ಳಿ ಹೆಚ್ಚುವ ಕೆಲಸ ಅವರಿಗೆ ಕೊಡಿ.